ವೇರಬಲ್‌ಗೆ ಕನ್ನಡದಲ್ಲಿ ಏನಂತೀರಿ? ಧರಿಸೋದಾ, ತೊಡೋದಾ, ಕಟ್ಟೋದಾ?

ತುಂಗೆದಡ

ಎಲ್ರಿಗೂ ನಮಸ್ಕಾರ. ಒಂದು ಪದದ ವಿಷ್ಯ ಕೇಳ್ಬೇಕಿತ್ತು, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಾನು ಆಸ್ಪತ್ರೆ ಕರಪತ್ರ, ಔಷಧಿ ಡಬ್ಬಿ ಒಳಗಿನ ಚೀಟಿ ಇಂಥದ್ದನ್ನೆಲ್ಲ ಇಂಗ್ಲಿಷಿಂದ ಕನ್ನಡಕ್ಕೆ ಮಾಡಿಕೊಡ್ತೀನಿ. ಈಗ ಕೈಲಿರೋದು ವೇರಬಲ್‌ಗಳ ಮೇಲೆ ಹನ್ನೆರಡು ಪುಟದ ಕೈಪಿಡಿ, ವಯಸ್ಸಾದ ರೋಗಿಗಳಿಗೆ ಕೊಡೋಕೆ. ಸ್ಮಾರ್ಟ್‌ವಾಚು, ತೋಳಿಗೆ ಅಂಟಿಸೋ ಶುಗರ್ ಸೆನ್ಸರು, ಎದೆಗೆ ಹಾಕಿ ಬಡಿತ ದಾಖಲಿಸೋ ಹೋಲ್ಟರು, ಕಿವಿ ಮಿಷಿನ್ನು ಎಲ್ಲಕ್ಕೂ ಸೇರಿ ಒಂದೇ ಪದ ಬೇಕು ಅಂತಾರೆ ಆಸ್ಪತ್ರೆಯವರು. ಅವರ ಹಳೇ ಕರಡಲ್ಲಿ "ಧಾರಣೀಯ ಸಾಧನ" ಅಂತಿದೆ. ಆ ಪದ ನೋಡಿದ್ರೆ ನಂಗೆ ಸಂಕಟ ಆಗುತ್ತೆ, ಯಾಕೆ ಅಂತ ಹೇಳ್ತೀನಿ.

ಎರಡು ವರ್ಷದ ಹಿಂದೆ ಅಪ್ಪಂಗೆ ಎದೆಬಡಿತ ಏರುಪೇರು ಆಗ್ತಿದೆ ಅಂತ 24 ಗಂಟೆ ಹೋಲ್ಟರ್ ಹಾಕಿ ಮನೆಗೆ ಕಳಿಸಿದ್ರು. ಇಸ್ಪೀಟ್ ಕಟ್ಟಿನಷ್ಟು ದೊಡ್ಡ ಡಬ್ಬಿ, ಅದ್ರಿಂದ ಬಣ್ಣಬಣ್ಣದ ವೈರು, ಒಂದೊಂದರ ತುದೀಲೂ ಎದೆಗೆ ಅಂಟಿಸೋ ಬಿಳಿ ಬಿಲ್ಲೆ, ಬಿಲ್ಲೆ ಸರಿಯಾಗಿ ಕೂರ್ಲಿ ಅಂತ ಎದೆ ಮೇಲಿನ ಕೂದಲು ಅಲ್ಲಲ್ಲಿ ಬೋಳಿಸಿದ್ರು. ಜೊತೆಗೆ ಒಂದು ಕನ್ನಡ ಹಾಳೆ, ಅದ್ರಲ್ಲಿ "ಧಾರಣಾವಧಿಯಲ್ಲಿ ಸಾಧನವನ್ನು ಜಲಸಂಪರ್ಕದಿಂದ ಸಂರಕ್ಷಿಸತಕ್ಕದ್ದು" ಅಂತ ಇತ್ತು. ಅಪ್ಪ ಏಳನೇ ಕ್ಲಾಸ್ ಓದಿದೋರು, ಪೇಪರ್ ದಿನಾ ಓದ್ತಾರೆ. ಆ ಹಾಳೆ ಎರಡು ಸಲ ಓದಿ ಮಡಚಿ ಜೇಬಿಗೆ ಇಟ್ಕೊಂಡ್ರು. ಬೆಳಿಗ್ಗೆ ಪೂಜೆಗೆ ಮುಂಚೆ ಸ್ನಾನ ಆಗ್ಬೇಕಲ್ಲ, ಬಿಲ್ಲೆಗಳನ್ನ ಒಂದೊಂದೇ ನಾಜೂಕಾಗಿ ಬಿಡಿಸಿ, ಡಬ್ಬಿ ಸಮೇತ ಬಚ್ಚಲಮನೆ ಆಚೆ ಗೂಟಕ್ಕೆ ನೇತುಹಾಕಿ, ಸ್ನಾನ ಮಾಡಿ ಬಂದು ತಿರುಗಾ ಅಂಟಿಸ್ಕೊಂಡ್ರು. ಒದ್ದೆ ಮೈಗೆ ಎಲ್ಲಿ ಕೂರುತ್ತೆ. ಅರ್ಧ ದಿನದ್ದು ದಾಖಲಾಗ್ಲೇ ಇಲ್ಲ, ಇನ್ನೊಂದ್ಸಲ ಹಾಕಿಸ್ಬೇಕಾಯ್ತು. ಅಪ್ಪ ನನ್ನ ಕೇಳಿದ್ದು ಇಷ್ಟೇ, "ಸ್ನಾನ ಮಾಡಬೇಡಿ ಅಂತ ಬರೆದಿದ್ರೆ ಮಾಡ್ತಿದ್ನೇನೇ?" ಹಾಳೆ ತುಂಬ ನೀರಿನ ಬಗ್ಗೆನೇ ಬರೆದು ನೀರು ಅನ್ನೋ ಪದಾನೇ ಬಳಸಿರ್ಲಿಲ್ಲ.

ಅದಕ್ಕೇ ಕೇಳ್ತಿದೀನಿ, ನಿಮ್ಮನೇಲಿ ಇಂಥ ಸಾಮಾನಿಗೆ ಏನಂತಾರೆ? ನಿಘಂಟಲ್ಲಿ ಇರೋದು ಆಮೇಲೆ ನೋಡೋಣ, ಮೊದಲು ಬಾಯಲ್ಲಿರೋದು ಹೇಳಿ.

ಧಾರವಾಡದಾಂವ

ಅಕ್ಕಾರ, ವೇರ್ ಅನ್ನೂದಕ್ಕ ನಮ್ಮಲ್ಲಿ ಒಂದ ಕ್ರಿಯಾಪದ ಇಲ್ರಿ, ತೊಡಕು ಅಲ್ಲೇ ಐತಿ. ಧೋತ್ರ, ಸೀರಿ ಉಡ್ತಾರ. ಅಂಗಿ ತೊಡ್ತಾರ. ರುಮಾಲ ಸುತ್ತತಾರ, ಚಪ್ಪಲಿ ಮೆಟ್ಟತಾರ, ಹೂವು ಮುಡೀತಾರ, ಚಾದರ ಹೊದೀತಾರ, ವಾಚ್ ಕಟ್ಟತಾರ, ಚಾಳೀಸು ಹಾಕ್ಕೋತಾರ. ಸೀರಿ ತೊಟ್ಟಳು ಅಂದ್ರ ನಮ್ಮವ್ವ ತಿದ್ದತಾಳ, ಚಪ್ಪಲಿ ಉಟ್ಟೆ ಅಂದ್ರ ಸಣ್ಣ ಹುಡುಗ್ರೂ ನಗತಾವ. ಮೈಮ್ಯಾಲೆ ಎಲ್ಲಿ ಕೂಡತೈತಿ, ಹೆಂಗ ಕೂಡತೈತಿ ಅನ್ನೂದರ ಮ್ಯಾಲೆ ಮಾತು ಬದಲಾಗತೈತಿ. ಇಂಗ್ಲಿಷಿನ್ಯಾಗ ಟೊಪ್ಪಿಗಿಯಿಂದ ಬೂಟಿನ ತನಕ ಒಂದ ವೇರ್ ಸಾಕು.

ಹಂಗ ಚಾಳೀಸು ಅನ್ನೂ ಮಾತು ಬಂತಲ್ರಿ, ಅದರ ಮೂಲ ಭಾಳ ಚಂದ ಐತಿ. ಚಾಳೀಸ ಅಂದ್ರ ನಲವತ್ತು. ನಲವತ್ತು ದಾಟಿದ ಮ್ಯಾಲೆ ಓದಾಕ ಬೇಕಾಗೂದು, ಅದಕ್ಕ ಮರಾಠಿಯೊಳಗ ಚಾಳಿಶಿ, ನಮ್ಮ ಕಡೆ ಚಾಳೀಸು. ಗಾಜು ಅಂತಿಲ್ಲ, ಕಣ್ಣು ಅಂತಿಲ್ಲ, ಹಾಕ್ಕೊಳ್ಳೋರ ವಯಸ್ಸ ಹೆಸರಾತು. ಮೈಮ್ಯಾಲೆ ಹಾಕ್ಕೊಳ್ಳೂ ಸಾಧನಕ್ಕ ಇದಕ್ಕಿಂತ ಮನಶ್ಯಾನ ಹೆಸರು ನಾ ಕೇಳಿಲ್ಲ.

ತುಂಗೆದಡ

ಚಾಳೀಸು ಅಂದ್ರೆ ನಲವತ್ತು ಅಂತ ಗೊತ್ತೇ ಇರ್ಲಿಲ್ಲ! ನಮ್ ಕಡೆ ಕನ್ನಡಕ, ಅದು ಕನ್ನಡಿಯಿಂದ ಬಂದಿದ್ದು. ಪುಸ್ತಕದಲ್ಲಿ ಸುಲೋಚನ ಅಂತಾನೂ ಇದೆ, ಒಳ್ಳೇ ಕಣ್ಣು ಅಂತ, ಆದ್ರೆ "ನನ್ ಸುಲೋಚನ ಎಲ್ಲಿಟ್ಟೆ" ಅಂತ ಹುಡುಕೋರನ್ನ ನಾನಂತೂ ನೋಡಿಲ್ಲ.

ನಿಘಂಟುಪ್ರಿಯ

ಒಳ್ಳೇ ಚರ್ಚೆ. ವೇರಬಲ್ ಅನ್ನೋ ಪದದ ಜಾತಕನೇ ಮೊದಲು ಬಿಚ್ಚೋಣ, ಆಮೇಲೆ ಕನ್ನಡಕ್ಕೆ ಬರೋಣ.

ವೇರ್ ಬಂದಿದ್ದು ಹಳೇ ಇಂಗ್ಲಿಷಿನ ವೆರಿಯನ್ ಇಂದ, ಬಟ್ಟೆ ಹಾಕು ಅಂತ ಅರ್ಥ. ಅದಕ್ಕೂ ಹಿಂದೆ ಹೋದ್ರೆ ವೆಸ್ ಅನ್ನೋ ಬೇರು ಸಿಗುತ್ತೆ, ಆ ಸಕಾರ ಇಂಗ್ಲಿಷಿನ ಕಡೆ ಬರೋ ಹೊತ್ತಿಗೆ ರೇಫ, ಅಂದ್ರೆ ರಕಾರ ಆಗಿದೆ. ಅದೇ ವೆಸ್ ಲ್ಯಾಟಿನ್ನಲ್ಲಿ ವೆಸ್ಟಿಸ್ ಆಯ್ತು, ಸಂಸ್ಕೃತದಲ್ಲಿ ವಸ್ತ್ರ, ವಸನ ಆಯ್ತು. ಅಂದ್ರೆ ವೇರಬಲ್ಲೂ ವಸ್ತ್ರಾನೂ ದಾಯಾದಿಗಳು. ವೇರಬಲ್ಸ್ ಅಂತ ಬಹುವಚನದಲ್ಲಿ ಹದಿನೆಂಟನೇ ಶತಮಾನದಲ್ಲೇ ಬಳಸ್ತಿದ್ರು, ಆಗ ಅದಕ್ಕೆ ಬಟ್ಟೆಬರೆ ಅಂತಷ್ಟೇ ಅರ್ಥ, ಕಂಪ್ಯೂಟರ್ ಸೇರಿಕೊಂಡಿದ್ದು ತೀರಾ ಈಚೆಗೆ. 1961ರಲ್ಲಿ ಅಮೆರಿಕದ ಗಣಿತಜ್ಞರು ಎಡ್ವರ್ಡ್ ಥಾರ್ಪ್, ಕ್ಲಾಡ್ ಶಾನನ್ ಇಬ್ರೂ ಸೇರಿ ಸಿಗರೇಟ್ ಪ್ಯಾಕಿನಷ್ಟು ದೊಡ್ಡ ಯಂತ್ರ ಕಟ್ಟಿ ಲಾಸ್ ವೇಗಾಸಿನ ರೂಲೆಟ್ ಅನ್ನೋ ಚಕ್ರದ ಜೂಜಿನ ಮೇಜಿಗೆ ಹೋದ್ರು. ಶೂ ಒಳಗೆ ಸ್ವಿಚ್ಚು, ಚೆಂಡು ತಿರುಗೋ ಲೆಕ್ಕನ ಕಾಲ್ಬೆರಳಲ್ಲಿ ಒತ್ತಿ ಕೊಡೋದು, ಪಣ ಕಟ್ಟೋರ ಕಿವೀಲಿ ಸ್ವರ ಕೇಳೋದು. ಮೈಮೇಲೆ ಹೊತ್ತ ಮೊದಲ ಕಂಪ್ಯೂಟರ್ ಅಂತ ಅದನ್ನೇ ಹೇಳ್ತಾರೆ. ವೇರಬಲ್ ಕಂಪ್ಯೂಟರ್ ಅನ್ನೋ ಹೆಸರಲ್ಲೇ ವಿದ್ವಾಂಸರ ಅಂತರರಾಷ್ಟ್ರೀಯ ಸಮ್ಮೇಳನ ಶುರುವಾಗಿದ್ದು 1997ರಲ್ಲಿ. ಕೈಗೆ ಕಟ್ಟೋ ಫಿಟ್‌ಬಿಟ್ ಪಟ್ಟಿ, 2015ರ ಆಪಲ್ ವಾಚ್ ಬಂದ್ಮೇಲೆ ಕಂಪ್ಯೂಟರ್ ಅನ್ನೋ ಬಾಲ ಉದುರಿ ಬರೀ ವೇರಬಲ್ ಉಳೀತು.

ನಿಮ್ಮ ತಂದೆಯವರ ಹೋಲ್ಟರ್ ಇದ್ಯಲ್ಲ, ಅದು ನಾರ್ಮನ್ ಹೋಲ್ಟರ್ ಅನ್ನೋ ಅಮೆರಿಕದ ವಿಜ್ಞಾನಿಯ ಹೆಸರು. 1940ರ ದಶಕದಲ್ಲಿ ಅವರು ಮಾಡಿದ ಮೊದಲ ಸಾಧನ ಬೆನ್ನಿಗೆ ಹೊರೋ ಚೀಲದಲ್ಲಿತ್ತು, ತೂಕ ಸುಮಾರು 38 ಕೆಜಿ. ಹೊರೋದು ಅಂದ್ರೆ ಆಗ ನಿಜವಾಗ್ಲೂ ಹೊರೋದೇ. ಧರಿಸು ಅನ್ನೋದರ ಧಾತು ಧೃ, ಅದಕ್ಕೂ ಹೊರು, ಹಿಡಿ ಅಂತಾನೇ ಅರ್ಥ. ಹಾಗಾಗಿ ಧಾರಣೀಯ ಅನ್ನೋದು ವ್ಯಾಕರಣದಲ್ಲಿ ತಪ್ಪಲ್ಲ ಅನ್ನೋದು ನೆನಪಿರ್ಲಿ.

ಅಡಿಕೆಚಪ್ಪರ

ವ್ಯಾಕರಣದಲ್ಲಿ ಸರಿ ಇರ್ಬಹುದು ಸಾರ್, ಆದ್ರೆ ನಮ್ಮೂರಲ್ಲಿ ಧಾರಣೆ ಅಂದ್ರೆ ಅಡಿಕೆ ರೇಟು. ಬೆಳಿಗ್ಗೆ ಎದ್ದರೆ "ಇವತ್ತು ರಾಶಿ ಧಾರಣೆ ಎಷ್ಟು" ಅಂತಾನೇ ಮಾತು. "ಧಾರಣಾವಧಿ" ಅಂತ ಹಾಳೇಲಿದ್ರೆ ನಮ್ಮ ತೋಟದೋರು ಅಡಿಕೆ ಮಂಡಿ ನೆನಪು ಮಾಡ್ಕೊಳ್ತಾರೆ.

ಇನ್ನೊಂದು, ಹಸುಗೂ ಈಗ ಇದೇ ಬಂದಿದೆ. ಕೊರಳಿಗೆ ಬೆಲ್ಟು, ಅದ್ರಲ್ಲಿ ಸಣ್ಣ ಡಬ್ಬಿ, ಹಸು ಎಷ್ಟು ಓಡಾಡ್ತು, ಎಷ್ಟು ಮೆಲುಕು ಹಾಕ್ತು ಅಂತ ನೋಡಿ ಬೆದೆಗೆ ಬಂದಿದ್ಯಾ ಅಂತ ಫೋನಿಗೆ ಹೇಳುತ್ತೆ. ಅದನ್ನ ಎಲ್ರೂ "ಕೊರಳಿಗೆ ಕಟ್ಟೋದು" ಅಂತಾರೆ, ಯಾಕಂದ್ರೆ ಗಂಟೆ ಕಟ್ಟೋ ಜಾಗದಲ್ಲೇ ಅದನ್ನೂ ಕಟ್ಟೋದು. ಹಸು ಬಟ್ಟೆ ಉಡಲ್ಲ, ಒಡವೆ ತೊಡಲ್ಲ, ಕಟ್ಟಿಸ್ಕೊಳ್ಳುತ್ತೆ. ನೀವು ಪದ ಮಾಡೋವಾಗ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಬೇರುಪದ

ಧರಿಸು ಬಿಟ್ಬಿಡಿ, ತೊಡು ಹಿಡೀರಿ. ತೊಡು ಅಚ್ಚಗನ್ನಡ, ಅದ್ರ ಬಳಗ ಎಷ್ಟು ದೊಡ್ಡದು ನೋಡಿ. ಬಿಲ್ಲಿಗೆ ಬಾಣ ತೊಡ್ತಾರೆ, ಪಣ ತೊಡ್ತಾರೆ, ದೀಕ್ಷೆ ತೊಡ್ತಾರೆ. ತಮಿಳು, ಮಲಯಾಳದಲ್ಲಿ ಅದೇ ತೊಡು ಅಂದ್ರೆ ಮುಟ್ಟು. ಮುಟ್ಟೋದು, ತಾಗೋದು, ಕೂಡಿಕೊಳ್ಳೋದು ಎಲ್ಲಾ ಆ ಬೇರಲ್ಲಿದೆ. ತೊಗಲಿಗೆ ತಾಗ್ಕೊಂಡೇ ಕೆಲಸ ಮಾಡೋ ಸೆನ್ಸರಿಗೆ ಇದಕ್ಕಿಂತ ಒಪ್ಪೋ ಬೇರು ಎಲ್ಲಿ ಸಿಗುತ್ತೆ? ಹಳಗನ್ನಡದಲ್ಲಿ ಒಡವೆಗೆ ತೊಡವು ಅಂತಿದ್ರು. ಮೂರೇ ಅಕ್ಷರ, ಸತ್ತು ಮಲಗಿರೋ ಪದ, ಎಬ್ಬಿಸಿ ವೇರಬಲ್‌ಗೆ ಕೊಡೋಣ. ಸ್ಮಾರ್ಟ್‌ಫೋನಿಗೆ ಚೂಟಿಯುಲಿ ಅಂತ ಬರೆಯೋರು ಇದಾರೆ, ಹಾಗೇ ಇದಕ್ಕೆ ಚೂಟಿತೊಡವು. ಅದು ಬೇಡ ಅಂದ್ರೆ ತೊಡುಕ.

ಧಾರವಾಡದಾಂವ

ತೊಡುಕ ಬ್ಯಾಡ್ರಿ. ಅವಸರದಾಗ ಓದಿದ್ರ ತೊಡಕು ಅಂತ ಕಾಣತೈತಿ. ರೋಗಿ ಕೈಯಾಗ ಕೊಡೂ ಹಾಳಿ ಮ್ಯಾಲೆ "ನಿಮ್ಮ ತೊಡಕು" ಅಂತ ಓದಿಸಬ್ಯಾಡ್ರಿ. ತೊಡವು ನನಗೂ ಚಲೋ ಅನಸ್ತು.

ಮಂಡ್ಯದ ಸಿಸ್ಟರ್

ನಾನು ನರ್ಸು, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ನಾವು ಏನಂತೀವಿ ಅಂತ ಯಾರೂ ಕೇಳ್ಲಿಲ್ಲ, ಆದ್ರೆ ಹೇಳ್ತೀನಿ ಕಣಕ್ಕ. ಹೋಲ್ಟರಿಗೆ "ಮಿಷಿನ್ ಕಟ್ತೀವಿ" ಅಂತೀವಿ. ಶುಗರ್ ಸೆನ್ಸರಿಗೆ "ಬಿಲ್ಲೆ ಅಂಟಿಸ್ತೀವಿ". ಬೆರಳಿಗೆ ಹಾಕೋ ಆಕ್ಸಿಮೀಟರಿಗೆ ಕೊರೋನಾ ಟೈಮಿಂದ "ಕ್ಲಿಪ್ ಹಾಕಿ ನೋಡ್ತೀವಿ". ಶ್ರವಣ ಸಾಧನ ಅಂತ ಫಾರಂ ಮೇಲೆ ಬರೀತೀವಿ, ಬಾಯಲ್ಲಿ ಕಿವಿ ಮಿಷಿನ್ನೇ. ವೇರಬಲ್ ಅಂತ ಒಟ್ಟು ಹೆಸರು ಒಂದಿನಾನೂ ಬೇಕಾಗಿಲ್ಲ ನಮಗೆ, ಯಾಕಂದ್ರೆ ಒಬ್ಬ ರೋಗಿಗೆ ಒಂದೇ ಸಲ ಎಲ್ಲಾನೂ ಹಾಕಲ್ಲ.

ಒಂದು ಎಚ್ಚರಿಕೆ ಹೇಳ್ಬೇಕು, ಯಂತ್ರ ಅನ್ನೋ ಪದ ಮಾತ್ರ ಬಳಸಬೇಡಿ. ಕೆಲ್ಸಕ್ಕೆ ಸೇರಿದ ಹೊಸತರಲ್ಲಿ ಒಬ್ರು ಅಜ್ಜಿಗೆ ಮಿಷಿನ್ ಅನ್ನೋ ಬದ್ಲು ಶುದ್ಧ ಕನ್ನಡ ಅಂತ "ಅಜ್ಜಿ, ನಿಮಗೆ ಯಂತ್ರ ಕಟ್ತೀವಿ" ಅಂದೆ. ಅಜ್ಜಿ ತಕ್ಷಣ ಕೈ ಮುಗಿದು "ಯಾವ ದೇವ್ರುದವ್ವ, ಮೈಲಿಗೆ ಆಗದಂಗೆ ಎಷ್ಟ್ ದಿನ ಇರ್ಬೇಕು" ಅಂತ ಕೇಳಿದ್ರು. ಅವರ ತೋಳಲ್ಲಿ ಆಗ್ಲೇ ಒಂದು ತಾಯತ ಇತ್ತು, ಕಪ್ಪು ದಾರದಲ್ಲಿ, ತಾಮ್ರದ್ದು. ಎರಡೂ ಯಂತ್ರ ಬೇರೆ ಬೇರೆ ಅಂತ ಕೂತ್ಕೊಂಡು ಬಿಡಿಸಿ ಹೇಳ್ದೆ.

ನಿಘಂಟುಪ್ರಿಯ

ಸಿಸ್ಟರ್, ಈ ಚರ್ಚೆಗೆ ಇದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲ. ಆ ಅಜ್ಜಿ ಕೇಳಿದ್ದು ನೂರಕ್ಕೆ ನೂರು ಸರಿ. ಯಂತ್ರದ ಧಾತು ಯಮ್, ಹಿಡಿದಿಡು, ತಡೆ ಅಂತ. ಕೆಟ್ಟದ್ದನ್ನ ತಡೆದು ಹಿಡಿಯೋ ತಗಡೂ ಯಂತ್ರ, ಚಕ್ರ ತಿರುಗಿಸೋದೂ ಯಂತ್ರ. "ಯಂತ್ರ ಕಟ್ಟಿಸ್ಕೊಂಡ್ರು" ಅನ್ನೋ ಮಾತು ಕನ್ನಡದಲ್ಲಿ ಎಷ್ಟೋ ಕಾಲದಿಂದ ಇದೆ. ಮೈಮೇಲೆ ಕಟ್ಟಿ ಕಾಪಾಡ್ಲಿ ಅಂತ ಬಿಡೋ ವಸ್ತುವಿಗೆ ನಮ್ಮ ಪದ ಮೊದಲೇ ಇತ್ತು, ಆದ್ರೆ ಆ ಜಾಗ ಖಾಲಿ ಇಲ್ಲ. ತಾಯತ ಕೂಡ ಅರಬ್ಬಿಯಿಂದ ಬಂದಿದ್ದು, ರಕ್ಷಣೆ ಬೇಡೋದು ಅನ್ನೋ ಅರ್ಥದಿಂದ.

ಧಾರಣೆ ಬಗ್ಗೆ ಇನ್ನೊಂದು ಸೇರಿಸ್ತೀನಿ. ಕೋಟ್ಯಂತರ ಜನಕ್ಕೆ ಅದು ಲಿಂಗಧಾರಣೆ. ಎದೆ ಮೇಲೆ ಕರಡಿಗೆ, ಶಿವದಾರ, ಸಾಯೋವರೆಗೂ ಮೈಯಿಂದ ಬೇರೆ ಆಗಬಾರದು ಅನ್ನೋ ನಿಷ್ಠೆ. ಅಂಥ ಪದವನ್ನ ಚಾರ್ಜ್ ಹಾಕಿ ತೆಗೆದಿಡೋ ಸಾಮಾನಿಗೆ ಕೊಡೋಕೆ ನಂಗೂ ಈಗ ಮನಸ್ಸು ಬರ್ತಿಲ್ಲ. ನನ್ನ ಮಾತು ವಾಪಸ್ ತಗೊಂಡೆ, ಧಾರಣೀಯ ಬೇಡ.

ಹಾಗಂತ ಸಂಸ್ಕೃತ ಪದ ಎಲ್ಲಾ ಸೋಲುತ್ತೆ ಅಂತ ತೀರ್ಮಾನ ಮಾಡಬೇಡಿ ಬೇರುಪದ ಅವರೇ. 1935ರಲ್ಲಿ ಮೈಸೂರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ನಡೆಸ್ತಿದ್ದ ರೇಡಿಯೋ ನಿಲಯಕ್ಕೆ ಆಕಾಶವಾಣಿ ಅಂತ ಹೆಸರಿಟ್ಟರು, ಅದು ಆಮೇಲೆ ಇಡೀ ದೇಶದ ರೇಡಿಯೋ ಹೆಸರಾಯ್ತು. ಪುರಾಣ ಕೇಳಿದೋರಿಗೆಲ್ಲ ಆಕಾಶದಿಂದ ಬರೋ ದನಿ ಮೊದಲೇ ಗೊತ್ತಿತ್ತು, ಅದಕ್ಕೇ ಹತ್ತಿತು.

ಬೇರುಪದ

ಒಪ್ಪಿದೆ. ಜನಕ್ಕೆ ಮೊದಲೇ ಗೊತ್ತಿತ್ತು ಅಂದ್ರಲ್ಲ, ಅದು ಮುಖ್ಯ. ಹಾಗೆ ನೋಡಿದ್ರೆ ತೊಡವು ಈಗಿನ ಜನಕ್ಕೆ ಗೊತ್ತಿಲ್ಲ ಅನ್ನೋದೂ ನಿಜ, ಅದನ್ನ ನಾನು ಯೋಚಿಸಿರ್ಲಿಲ್ಲ. ಉಡುಗೆ ತೊಡುಗೆ ಅನ್ನೋ ಜೋಡಿಯಲ್ಲಿ ತೊಡುಗೆ ಮಾತ್ರ ಇನ್ನೂ ಜೀವಂತ ಇದೆ.

ಗಡಿಯಾರದ ಅಂಗಡಿ

ಇಲ್ಲಿ ವಾಚ್ ರಿಪೇರಿ ಮಾಡೋನು ಒಬ್ಬ ಮಾತಾಡ್ಬಹುದಾ. ನಮ್ಮಪ್ಪನ ಕಾಲದಿಂದ ಅಂಗಡಿ. ಬೆಂಗಳೂರಲ್ಲಿ 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚ್ ಫ್ಯಾಕ್ಟರಿ ಮಾಡ್ತು. ಜನತಾ, ಸೋನಾ, ಕಾಂಚನ ಅಂತ ಹೆಸರುಗಳು, ಮದುವೇಲಿ ಅಳಿಯಂಗೆ ಕೊಡೋ ವಾಚುಗಳು. ಆಗಿನ ಮಾತುಗಳು ಎಲ್ಲಾ ಕೈಯದ್ದು. ವಾಚ್ ಕಟ್ಟೋದು, ಕೀ ಕೊಡೋದು. ಮಲಗೋ ಮುಂಚೆ ಹೆಬ್ಬೆರಳು ತೋರುಬೆರಳಲ್ಲಿ ಆ ಪುಟ್ಟ ತಿರುಗಣೆ ಹಿಡಿದು ಕಿರ್ರ್ ಕಿರ್ರ್ ಅಂತ ತಿರುಗಿಸ್ತಿದ್ರೆ ಒಂದು ಹಂತದಲ್ಲಿ ಸಾಕು ಅಂತ ಅದೇ ತಡೆಯುತ್ತೆ, ಅಲ್ಲಿಗೆ ನಿಲ್ಲಿಸ್ಬೇಕು. ಈಗ ಕೀ ಹೋಗಿ ಚಾರ್ಜ್ ಬಂತು. ಕಟ್ಟೋದು ಮಾತ್ರ ಹೋಗಿಲ್ಲ. ಇಪ್ಪತ್ತು ವರ್ಷದ ಹುಡುಗ ಸ್ಮಾರ್ಟ್‌ವಾಚ್ ತಂದು "ಅಣ್ಣ, ಬೆಲ್ಟ್ ಕಿತ್ತೋಗಿದೆ, ಕಟ್ಕೊಳ್ಳೋಕೆ ಆಗ್ತಿಲ್ಲ" ಅಂತಾನೇ ಹೇಳ್ತಾನೆ. ಧರಿಸೋಕೆ ಆಗ್ತಿಲ್ಲ ಅಂತ ಇವತ್ತಿನವರೆಗೂ ಒಬ್ರೂ ಅಂದಿಲ್ಲ.

ಗಡಿಯಾರ ಪದ ಎಲ್ಲಿಂದ ಬಂತು ಅಂತ ನಮ್ಮಪ್ಪ ಹೇಳ್ತಿದ್ರು, ನೀರಿನ ಮೇಲೆ ತೇಲಿಬಿಡೋ ಗಳಿಗೆ ಬಟ್ಟಲಿಂದ. ತಾಮ್ರದ ಬಟ್ಟಲು, ತಳದಲ್ಲಿ ಸೂಜಿ ಮೊನೆಯಷ್ಟು ತೂತು, ನೀರು ಒಳಗೆ ಬಂದು ಬಂದು ಮುಳುಗಿದ್ರೆ ಒಂದು ಗಳಿಗೆ, 24 ನಿಮಿಷ. ಮದುವೆ ಮುಹೂರ್ತಕ್ಕೆ ಅದನ್ನೇ ಇಡ್ತಿದ್ರಂತೆ. ನಿಘಂಟು ಸಾರ್, ಇದು ನಿಜಾನಾ?

ನಿಘಂಟುಪ್ರಿಯ

ನಿಜ. ಘಟ ಅಂದ್ರೆ ಮಡಕೆ, ಘಟಿಕಾ ಅಂದ್ರೆ ಸಣ್ಣ ಮಡಕೆ, ಅದು ಮುಳುಗೋ ಹೊತ್ತೇ ಗಳಿಗೆ, ಇಡೀ ದಿನಕ್ಕೆ 60 ಗಳಿಗೆ. ಹಿಂದಿಯ ಘಡಿ, ಮರಾಠಿಯ ಘಡ್ಯಾಳ, ನಮ್ಮ ಗಡಿಯಾರ ಎಲ್ಲಾ ಅದೇ ಮನೆತನ. ಕೈಗಡಿಯಾರ ಅನ್ನೋವಾಗ ನಾವು ಮಣಿಕಟ್ಟಿಗೆ ಒಂದು ಮಡಕೆ ಕಟ್ಕೊಂಡಿದೀವಿ ಅಂತ ಯಾರಿಗೂ ಅನಿಸಲ್ಲ. ಪದ ಹೀಗೇ ಬದುಕೋದು, ವಸ್ತು ಬದಲಾದ್ರೂ ಪದ ಕೈ ಬಿಡಲ್ಲ.

ಓಸಾಕಾ ಕನ್ನಡಿಗ

ತಡವಾಗಿ ನೋಡಿದೆ. ಧಾರವಾಡದವರು ಬರೆದ ಪಟ್ಟಿ ಓದಿ ಖುಷಿ ಆಯ್ತು, ಯಾಕಂದ್ರೆ ಜಪಾನಿ ಭಾಷೆಲೂ ಹೀಗೇ. ಅಂಗಿಗೆ ಕಿರು, ಪ್ಯಾಂಟು ಶೂಗೆ ಹಕು, ಟೋಪಿಗೆ ಕಬುರು, ಕನ್ನಡಕಕ್ಕೆ ಕಕೆರು, ಉಂಗುರಕ್ಕೆ ಹಮೆರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಗ್ಲಿಷ್ ಮೂಲಕ ಕಲಿಯೋಕೆ ಹೋಗಿ ಒದ್ದಾಡ್ತಿದ್ದೆ, ಕನ್ನಡದಲ್ಲಿ ಯೋಚಿಸಿದ್ ದಿನ ಸಲೀಸಾಯ್ತು. ಇನ್ನೊಂದು ನೋಡಿ, ಕನ್ನಡಕಕ್ಕೆ ಇಲ್ಲಿ ಮೆಗನೆ ಅಂತಾರೆ, ಬರೆಯೋ ಅಕ್ಷರಗಳ ಅರ್ಥ ಕಣ್ಣು ಮತ್ತೆ ಕನ್ನಡಿ. ನಮ್ಮ ಕನ್ನಡಕದ ಹಾಗೇ.

ಇಷ್ಟೆಲ್ಲ ಕ್ರಿಯಾಪದ ಇಟ್ಕೊಂಡೂ ಜಪಾನಿನವರು ಒಟ್ಟು ಹೆಸರಿಗೆ ಇಂಗ್ಲಿಷನ್ನೇ ತಗೊಂಡಿದಾರೆ, ವೆಅರಬುರು ಅಂತಾರೆ. ಚೀನೀ ಭಾಷೆಯೋರು ಬೇರೆ ದಾರಿ ಹಿಡಿದ್ರು. ಅಲ್ಲಿ ಬಟ್ಟೆಗೆ ಚುವಾನ್, ಟೋಪಿ ಕನ್ನಡಕ ವಾಚಿಗೆ ದಾಯ್. ವೇರಬಲ್‌ಗೆ ಎರಡನ್ನೂ ಜೋಡಿಸಿ ಚುವಾನ್‌ದಾಯ್ ಮಾಡ್ಕೊಂಡಿದಾರೆ, ಉಡು ತೊಡು ಅಂದ ಹಾಗೆ.

ಹೆಸರಿಗೆ ಎಷ್ಟು ಬಲ ಇದೆ ಅನ್ನೋದಕ್ಕೆ ಇನ್ನೊಂದು ಹೇಳ್ತೀನಿ. 1965ರಲ್ಲಿ ಯಮಾಸಾ ಅನ್ನೋ ಕಂಪನಿ ಇಲ್ಲಿ ಸೊಂಟಕ್ಕೆ ಸಿಗಿಸೋ ಹೆಜ್ಜೆ ಎಣಿಸೋ ಮೀಟರ್ ಮಾರಿತು, ಹೆಸರು ಮಂಪೊಕೆಯ್. ಮನ್ ಅಂದ್ರೆ 10,000, ಪೊ ಅಂದ್ರೆ ಹೆಜ್ಜೆ, ಕೆಯ್ ಅಂದ್ರೆ ಅಳೆಯೋದು. ಇವತ್ತು ನಿಮ್ಮ ಕೈಲಿರೋ ವಾಚು ದಿನಕ್ಕೆ 10,000 ಹೆಜ್ಜೆ ನಡೀರಿ ಅಂತ ಹೇಳುತ್ತಲ್ಲ, ಆ ಸಂಖ್ಯೆ ಬಂದಿದ್ದು ಆ ಹೆಸರಿಂದ, ವೈದ್ಯರ ಲೆಕ್ಕದಿಂದಲ್ಲ.

ಸುಮ್ನೆ ಓದ್ತಿದ್ದೆ

ಎಲ್ಲಾ ಓದಿದೆ, ಆದ್ರೂ ಕೇಳ್ತೀನಿ, ವೇರಬಲ್ ಅಂತಲೇ ಬಿಟ್ರೆ ಏನು ಕಷ್ಟ? ಬಸ್ಸು, ಫೋನು, ವಾಚು ಎಲ್ಲಾ ಹಾಗೇ ಬಂದಿದ್ದಲ್ವಾ. ಜಪಾನಿನವರೇ ತಗೊಂಡಿದಾರೆ ಅಂದ್ರೆ ನಮಗ್ಯಾಕೆ ಇಷ್ಟು ತಲೆನೋವು.

ತುಂಗೆದಡ

ಅಂಗಡೀಲಿ, ಪೇಪರಲ್ಲಿ ವೇರಬಲ್ ಅಂತ ಇದ್ರೆ ನಂಗೇನೂ ಬೇಜಾರಿಲ್ಲ. ಆದ್ರೆ ಬಸ್ಸು ಕಣ್ಣ ಮುಂದೆ ಬಂದು ನಿಂತ ಮೇಲೆ ಅದರ ಪದ ಬಂತು, ಜನ ಹತ್ತಿ ಇಳಿದು ಅದನ್ನ ತಮ್ಮದು ಮಾಡ್ಕೊಂಡ್ರು. ವೇರಬಲ್ ಅನ್ನೋದನ್ನ ಹಂಗೆ ನೋಡೋಕೆ ಆಗಲ್ಲ, ಅದು ಹತ್ತು ವಸ್ತುಗೆ ಇಟ್ಟ ಗುಂಪಿನ ಹೆಸರು. ಅಪ್ಪನ ಎದೆ ಮೇಲಿದ್ದಿದ್ದು ಒಂದು ಡಬ್ಬಿ, ಕೆಲವು ಬಿಲ್ಲೆ. ಅವರಿಗೆ ಗುಂಪಿನ ಹೆಸರು ಗೊತ್ತಾಗಿ ಏನೂ ಆಗ್ಬೇಕಾಗಿರ್ಲಿಲ್ಲ, ಕಟ್ಟೋದಾ ಅಂಟಿಸೋದಾ, ಬಿಚ್ಚಬಹುದಾ ಬಾರದಾ ಅಂತ ಗೊತ್ತಾಗ್ಬೇಕಿತ್ತು. ಸಿಸ್ಟರ್ ಬರೆದಿದ್ದು ಓದಿದ್ಮೇಲೆ ಇದು ನಂಗೆ ಸ್ಪಷ್ಟ ಆಯ್ತು. ನಾನು ನಾಮಪದ ಹುಡುಕ್ತಾ ಕೂತಿದ್ದೆ, ಆ ಹಾಳೇಲಿ ಕೆಟ್ಟಿದ್ದಿದ್ದು ಕ್ರಿಯಾಪದ.

ತುಂಗೆದಡ

ನಾಲ್ಕು ದಿನ ಆದ್ಮೇಲೆ ಬರೀತಿದೀನಿ. ಕೈಪಿಡಿ ಮುಗೀತು. ಹೊದಿಕೆ ಮೇಲೆ "ಮೈಗೆ ತೊಡುವ ಸಾಧನಗಳು" ಅಂತ ಹಾಕಿದೀನಿ. ಬೇರುಪದ ಅವರೇ, ತೊಡವು ಹಾಕೋಕೆ ತುಂಬ ಆಸೆ ಇತ್ತು, ಅಮ್ಮನ್ನ ಕೇಳಿದೆ, ಗೊತ್ತಿಲ್ಲ ಅಂದ್ರು. ತೊಡು ಅಂದ್ರೆ ತಕ್ಷಣ ಬಳೆ ತೋರಿಸಿದ್ರು. ಹಾಗಾಗಿ ಬೇರು ಉಳಿಸ್ಕೊಂಡೆ. ಒಟ್ಟು ಹೆಸರು ಹೊದಿಕೆ ಬಿಟ್ರೆ ಒಳಗೆ ಎರಡೇ ಕಡೆ ಬರುತ್ತೆ. ಮಿಕ್ಕಿದ್ದೆಲ್ಲ ನೀವು ಹೇಳಿದ ಮಾತುಗಳೇ. ಕೆಲವು ಸಾಲು ಇಲ್ಲಿ ಹಾಕ್ತೀನಿ:

"ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ ಕಟ್ಟಿಕೊಳ್ಳಿ. ಜಾರಬಾರದು, ಬಿಗಿಯೂ ಆಗಬಾರದು."

"ತೋಳಿಗೆ ಅಂಟಿಸಿದ ಬಿಲ್ಲೆಯನ್ನು ಕೀಳಬೇಡಿ. ಅಂಗಿ ತೊಡುವಾಗ ತೋಳು ನಿಧಾನವಾಗಿ ತೂರಿಸಿ."

"ಎದೆಗೆ ಮಿಷಿನ್ ಕಟ್ಟಿರುವಾಗ ಸ್ನಾನ ಮಾಡಬೇಡಿ. ಒದ್ದೆ ಬಟ್ಟೆಯಿಂದ ಮುಖ, ಕೈಕಾಲು ಒರೆಸಿಕೊಳ್ಳಿ. ಒಂದು ಬಿಲ್ಲೆ ಬಿಟ್ಟುಕೊಂಡರೂ ನಮಗೆ ಫೋನ್ ಮಾಡಿ."

ನಿನ್ನೆ ರಾತ್ರಿ ಫೋನಲ್ಲಿ ಅಪ್ಪಂಗೆ ಪೂರ್ತಿ ಓದಿ ಹೇಳಿದೆ. ಕೊನೇ ಸಾಲಿನ ತನಕ ಹ್ಞೂ ಹ್ಞೂ ಅಂತ ಕೇಳಿ ಒಂದು ನಿಮಿಷ ಸುಮ್ನಿದ್ರು. ಆಮೇಲೆ "ಎಲ್ಲಾ ಅರ್ಥ ಆಯ್ತು, ಆದ್ರೆ ಮಿಷಿನ್ ಕಟ್ಟಿಸ್ಕೊಳ್ಳೋಕೆ ಹೋಗೋ ದಿನ ಬೆಳಿಗ್ಗೆನೇ ಸ್ನಾನ ಮುಗಿಸಿ ಬನ್ನಿ ಅಂತ ಮೊದಲೇ ಯಾಕೆ ಹೇಳಲ್ಲ ಅವರು? ನಂಗೆ ಆ ದಿನ ಹಂಗೆ ಹೇಳಿದ್ರೆ ಮಾರನೇ ದಿನದ ಪೂಜೆ ನಿಮ್ಮಮ್ಮನ ಕೈಲಿ ಮಾಡಿಸ್ತಿದ್ದೆ" ಅಂದ್ರು. ಇಂಗ್ಲಿಷ್ ಮೂಲದಲ್ಲಿ ಈ ಸಾಲೇ ಇಲ್ಲ. ಆಸ್ಪತ್ರೆಯವರಿಗೆ ಬರೆದು ಕೇಳಿದೀನಿ, ಮೊದಲ ಪುಟದಲ್ಲೇ ಸೇರಿಸೋಣ ಅಂತ.

ಮಂಡ್ಯದ ಸಿಸ್ಟರ್

ಅಕ್ಕ, ಅವರು ಒಪ್ಪೋವರೆಗೂ ಕಾಯಲ್ಲ ನಾನು. ನಾಳೆ ಡ್ಯೂಟಿಗೆ ಹೋದ ತಕ್ಷಣ ಮಿಷಿನ್ ರೂಮಿನ ಬಾಗಿಲಿಗೆ ಇದನ್ನ ಕೈಯಲ್ಲೇ ಬರೆದು ಅಂಟಿಸ್ತೀನಿ. ಅಪ್ಪಾರಿಗೆ ನಮಸ್ಕಾರ ಹೇಳಿ.